ಕೋಡಿಯಾಚೆಗೂ ಇದೆ ಮಾರಿಕಣಿವೆ

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಹಿರಿಯೂರು ತಾಲೂಕಿನ ಮಾರಿಕಣಿವೆ ಜಲಾಶಯ ಕೋಡಿ ಬಿತ್ತು. ಅದಕ್ಕೆ ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. ನಡುವೆ 89 ವರ್ಷ. ಹಿರಿಯೂರು ಸೀಮೆಯ ಬಹುಪಾಲು ಜನರಿಗೆ ಕೋಡಿ ನೀರು ಎನ್ನುವುದು ಅಜ್ಜ ಹೇಳಿದ ಕಥೆಯಾಗಿತ್ತು. ಅದು ಕಣ್ಣೆದುರೇ ಹರಿಯತೊಡಗಿದಾಗ ವಾಣಿವಿಲಾಸಪುರದ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಟ್ರ್ಯಾಕ್ಟರು, ಟೆಂಪೊ, ಬೈಕುಗಳಲ್ಲಿ ಮನೆಮಂದಿಯೆಲ್ಲ ಬಂದರು. ಕಣಿವೆ ಮಾರಮ್ಮನಿಗೆ ಕಾಯಿ ಒಡೆಸಿದರು, ಬಾಗಿನ ಬಿಟ್ಟರು, ಮೊಬೈಲಿನಲ್ಲಿ ನೀರನ್ನು ತುಂಬಿಕೊಂಡು ಹೋದರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗಲೂ ಅದೇ ಜಾತ್ರೆ.

ನಮ್ಮ ಕಡೆ ಮಳೆಗಾಲ ಬಂತೆಂದರೆ ಹೋಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಕಟಿಂಗ್ ಶಾಪಿನಲ್ಲಿ ಕೇಳುವ ಮಾತು ಒಂದೇ: "ಡ್ಯಾಮು ಎಷ್ಟ್ ಅಡಿ ಐತೆ?" ಕೋಡಿಯ ಮಟ್ಟ 130 ಅಡಿ. 1933ರಲ್ಲಿ ನೀರು 135.25 ಅಡಿಗೆ ಏರಿತ್ತು ಎಂಬುದು ಶಾಲೆಗೆ ಹೋಗದವರ ಬಾಯಲ್ಲೂ ಇದೆ. ನೀರು ಡೆಡ್ ಸ್ಟೋರೇಜಿನ ಅಂಚಿಗೆ ಇಳಿದ ಬರದ ವರ್ಷಗಳನ್ನೂ, ಕಣ್ಣೆದುರೇ ಒಣಗಿಹೋದ ತೆಂಗಿನ ತೋಟಗಳನ್ನೂ ಜನ ಮರೆತಿಲ್ಲ. ಮರೆಯುವುದಾದರೂ ಹೇಗೆ?

ಅಡಿಯ ಲೆಕ್ಕ ಇಷ್ಟು ಸಲೀಸಾಗಿ ಬಾಯಿಗೆ ಬರುವ ನಮಗೆ ಈ ಕಣಿವೆಯ ಮಿಕ್ಕ ಸಂಗತಿಗಳು ಬರುವುದಿಲ್ಲ ಎನ್ನುವುದು ನನ್ನ ಕೊರಗು. ಮಾರಿಕಣಿವೆ ಎಂದರೆ ಕಟ್ಟೆ, ಚಿತ್ರದುರ್ಗ ಎಂದರೆ ಕೋಟೆ, ಹೊಸದುರ್ಗ ಎಂದರೆ ತೆಂಗು, ಹೊಳಲ್ಕೆರೆ ಎಂದರೆ ಬಯಲು ಗಣಪ. ಒಂದು ಊರಿಗೆ ಒಂದು ಚಿತ್ರ ಹಚ್ಚಿ ಮುಗಿಸಿದ್ದೇವೆ. ಕಲ್ಲು ಭೂವಿಜ್ಞಾನದವರದು, ಶಾಸನ ಪುರಾತತ್ವದವರದು, ಕೊಂಡುಕುರಿ ಅರಣ್ಯ ಇಲಾಖೆಯದು, ನಾಲೆ ನೀರಾವರಿ ನಿಗಮದ್ದು, ಹಾಡು ಜಾನಪದದವರದು ಎಂದು ಪಾಲು ಮಾಡಿ ಕೈತೊಳೆದುಕೊಂಡಿದ್ದೇವೆ. ಈ ನಾಲ್ಕು ತಾಲೂಕುಗಳ ಚರಿತ್ರೆಯನ್ನೂ ಪ್ರಕೃತಿಯನ್ನೂ ಹೀಗೆ ಬಿಡಿಬಿಡಿಯಾಗಿ ಓದಲಾಗದು. ಇಲ್ಲಿ ಎಲ್ಲದರ ಒಳಗೂ ಹರಿಯುವುದು ನೀರು, ಅಥವಾ ನೀರಿಲ್ಲದ ಸಂಕಟ.

ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಕೂಡ ಮುಟ್ಟದ ಮಳೆ ನಮ್ಮದು. ಪಶ್ಚಿಮಘಟ್ಟಕ್ಕೆ ಬಡಿದ ಮೋಡ ಚಿಕ್ಕಮಗಳೂರಿನ ಬೆಟ್ಟಗಳಲ್ಲೇ ಬರಿದಾಗಿ, ನಮ್ಮ ಕಡೆ ಬರುವಾಗ ಗಾಳಿ ಮಾತ್ರ ಉಳಿದಿರುತ್ತದೆ. ಆ ಬೆಟ್ಟಗಳಿಂದಲೇ ವೇದಾ, ಅವತಿ ಎಂಬ ಎರಡು ಹಳ್ಳಗಳು ಇಳಿದು ಬರುತ್ತವೆ. ಒಂದು ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಿಸಿದರೆ ಇನ್ನೊಂದು ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಮದಗದ ಕೆರೆಯನ್ನು ತುಂಬಿಸುತ್ತದೆ. ಕಡೂರಿನ ಬಳಿ ಎರಡೂ ಕೂಡಿ ವೇದಾವತಿ. ಹೊಸದುರ್ಗ ತಾಲೂಕನ್ನು ದಾಟಿ ಬರುವ ಹೊಳೆಗೆ ಉದ್ದಕ್ಕೆ ಮಲಗಿದ ಗುಡ್ಡಸಾಲು ಅಡ್ಡ ಬರುತ್ತದೆ. ಆ ಸಾಲನ್ನು ಹೊಳೆ ಲಕ್ಷಾಂತರ ವರ್ಷ ಕೊರೆದು ಮಾಡಿಕೊಂಡ ಇಕ್ಕಟ್ಟಿನ ದಾರಿಯೇ ಈ ಕಣಿವೆ. ಮುಂದೆ ಹಿರಿಯೂರಿನ ಬಳಿ ಸುವರ್ಣಮುಖಿಯನ್ನು ಸೇರಿಸಿಕೊಂಡು, ಉತ್ತರಕ್ಕೆ ತಿರುಗಿ, ಚಳ್ಳಕೆರೆ ಸೀಮೆಯನ್ನು ಹಾದು, ಹಗರಿ ಎನ್ನಿಸಿಕೊಂಡು ಬಳ್ಳಾರಿ ಜಿಲ್ಲೆಯಲ್ಲಿ ತುಂಗಭದ್ರೆಗೆ ಸೇರುತ್ತದೆ.

ಗುಡ್ಡಸಾಲು ಎಂದೆ. ಅದರ ಕಥೆಯೇ ಬೇರೆ. ಚಿತ್ರದುರ್ಗದಿಂದ ಹಿರಿಯೂರಿನ ಕಡೆ ಹೋಗುವಾಗ ಐಮಂಗಲದ ಬಳಿ ಮರಡಿಹಳ್ಳಿ ಎಂಬ ಊರಿದೆ. ಅಲ್ಲಿನ ಗುಡ್ಡದ ಕಲ್ಲುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ದೂರದಿಂದ ನೋಡಿದರೆ ಕಪ್ಪು ಹಸಿರು ಬಣ್ಣದ ಸಾಮಾನ್ಯ ಬಂಡೆ. ಹತ್ತಿರ ಹೋಗಿ ಕೈಯಿಟ್ಟು ನೋಡಬೇಕು. ಬಂಡೆಯ ಮೈ ನುಣುಪಾಗಿಲ್ಲ, ಉಬ್ಬುಬ್ಬಾಗಿದೆ. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಗುಂಡು ಅಂಚಿನ ತುಂಡುಗಳು ಒತ್ತೊತ್ತಾಗಿ ಕೂತಿವೆ. ಪ್ರತಿ ತುಂಡಿಗೂ ಸುತ್ತ ಒಂದು ತೆಳು ಸಿಪ್ಪೆ. ಮೇಲಿನ ತುಂಡಿನ ತಳ ಕೆಳಗಿನ ಎರಡು ತುಂಡುಗಳ ಸಂದಿಗೆ ಇಳಿಬಿದ್ದಿರುವುದನ್ನು ಬೆರಳಲ್ಲೇ ಗುರುತಿಸಬಹುದು.

ಇದು ದಿಂಬು ಲಾವಾ. ಕುದಿಯುವ ಶಿಲಾರಸ ನೀರಿನ ಅಡಿಯಲ್ಲಿ ಉಕ್ಕಿದಾಗ ಮಾತ್ರ ಈ ಆಕಾರ ಮೂಡುತ್ತದೆ. ರಸದ ನಾಲಿಗೆ ತಣ್ಣೀರಿಗೆ ತಾಗಿದ ತಕ್ಷಣ ಹೊರಮೈ ಗಟ್ಟಿಯಾಗುತ್ತದೆ, ಒಳಗಿನ್ನೂ ಕೆಂಡ. ಹಿಂದಿನಿಂದ ಒತ್ತಡ ಬಂದಂತೆ ಸಿಪ್ಪೆ ಬಿರಿದು ಇನ್ನೊಂದು ಗುಂಡು ಉಬ್ಬಿ ಬರುತ್ತದೆ, ಅದರ ಮೇಲೆ ಮತ್ತೊಂದು. ಇನ್ನೂ ಮೆದುವಾಗಿದ್ದ ಮೇಲಿನ ಗುಂಡು ಕೆಳಗಿನ ಸಂದಿಗೆ ಜೋತುಬೀಳುವುದರಿಂದ, ಆ ಕಾಲದಲ್ಲಿ ಮೇಲು ಯಾವುದು ಕೆಳಗು ಯಾವುದು ಎಂದು ಇವತ್ತಿಗೂ ಹೇಳಬಹುದು. ವಯಸ್ಸು ಸುಮಾರು 250 ಕೋಟಿ ವರ್ಷ. ಅಂದರೆ ಟ್ಯಾಂಕರ್ ನೀರಿಗೆ ಕೊಡ ಹಿಡಿದು ನಿಲ್ಲುವ ಈ ನೆಲ ಒಂದಾನೊಂದು ಕಾಲಕ್ಕೆ ಸಮುದ್ರದ ತಳವಾಗಿತ್ತು. ಇದನ್ನು ನೋಡಲು ಬೇರೆ ಬೇರೆ ಕಡೆಯ ಭೂವಿಜ್ಞಾನ ವಿದ್ಯಾರ್ಥಿಗಳು ಬರುತ್ತಾರೆ. ಹಿರಿಯೂರು ತಾಲೂಕಿನ ಎಷ್ಟು ಶಾಲೆಗಳು ಮಕ್ಕಳನ್ನು ಇಲ್ಲಿಗೆ ಕರೆತಂದಿವೆ? ಪ್ರವಾಸ ಎಂದರೆ ಮೈಸೂರೇ ಆಗಬೇಕು ಎಂದು ಯಾರು ಹೇಳಿದರು?

ಮನುಷ್ಯರ ಕಾಲಕ್ಕೆ ಬಂದರೆ ಮೊದಲು ನಿಲ್ಲಬೇಕಾದ ಜಾಗ ಚಂದ್ರವಳ್ಳಿ. ಚಿತ್ರದುರ್ಗದ ಕೋಟೆಗುಡ್ಡದ ಮಗ್ಗುಲಲ್ಲೇ ಇರುವ ಈ ಕಣಿವೆಯಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ 1929ರಲ್ಲಿ ಅಗೆದು ನೋಡಿದರು, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕವು. ಎರಡು ಸಾವಿರ ವರ್ಷದ ಹಿಂದೆ ಸಮುದ್ರದಾಚೆಯ ವ್ಯಾಪಾರ ಈ ಗುಡ್ಡಗಳ ನಡುವಿನ ಊರಿಗೂ ಮುಟ್ಟಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ನಾಣ್ಯಗಳಲ್ಲ. ಅಲ್ಲಿನ ಭೈರವೇಶ್ವರ ಗುಡಿಯ ಬಳಿ ಬಂಡೆಯ ಮೇಲೆ ಮೂರೇ ಸಾಲಿನ ಒಂದು ಶಾಸನವಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆಸಿದವನು ಕದಂಬರ ಮಯೂರಶರ್ಮ, ಕಾಲ ನಾಲ್ಕನೆಯ ಶತಮಾನ. ಅವನು ಕೆರೆ ಮಾಡಿಸಿದ ಎಂಬ ಮಾತು ಅದರಲ್ಲಿದೆ. ಶಾಸನದ ಮಿಕ್ಕ ಪದಗಳನ್ನು ಹೇಗೆ ಓದಬೇಕು, ಅಲ್ಲಿರುವುದು ಗೆದ್ದ ರಾಜರ ಹೆಸರುಗಳೇ ಅಲ್ಲವೇ ಎನ್ನುವುದರ ಬಗ್ಗೆ ವಿದ್ವಾಂಸರು ಜಗಳವಾಡಿದ್ದಾರೆ. ಕೆರೆಯ ಮಾತಿನ ಬಗ್ಗೆ ಜಗಳವಿಲ್ಲ. ಕನ್ನಡ ನಾಡಿನ ಮೊದಲ ರಾಜಮನೆತನವನ್ನು ಕಟ್ಟಿದವನು ಚಿತ್ರದುರ್ಗದ ಬಂಡೆಯ ಮೇಲೆ ತನ್ನ ಹೆಸರು ಕೆತ್ತಿಸಿದ್ದು ಒಂದು ಕೆರೆಯ ಕೆಲಸಕ್ಕಾಗಿ. ಗುಡ್ಡಗಳ ನಡುವಿನ ಆ ಜಾಗದಲ್ಲಿ ಇವತ್ತಿಗೂ ಕೆರೆಯಿದೆ. ಭಾನುವಾರ ಚಂದ್ರವಳ್ಳಿಗೆ ಬಂದು ಕೆರೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ಹತ್ತು ಹೆಜ್ಜೆ ಹಾಕಿ ಆ ಮೂರು ಸಾಲುಗಳ ಮುಂದೆಯೂ ನಿಲ್ಲಬೇಕು. ಹದಿನಾರು ಶತಮಾನಗಳ ಹಿಂದೆ ಯಾರೋ ಒಬ್ಬರು ಇದೇ ಕಣಿವೆಯನ್ನು ನೋಡಿ, ಇಲ್ಲಿ ನೀರು ನಿಲ್ಲಿಸಬಹುದು ಎಂದುಕೊಂಡಿದ್ದರು. ಮಾರಿಕಣಿವೆಯಲ್ಲಿ ಮುಂದೆ ಎಂಜಿನಿಯರುಗಳು ಯೋಚಿಸಿದ್ದೂ ಅದನ್ನೇ.

ಕೋಟೆಯ ವಿಷಯಕ್ಕೂ ಇದೇ ಮಾತು. ಏಳು ಸುತ್ತು, ಮದಕರಿ ನಾಯಕ, ಹೈದರಾಲಿಯ ಮುತ್ತಿಗೆ, 1779ರಲ್ಲಿ ಕೋಟೆ ಬಿದ್ದದ್ದು, ಇದೆಲ್ಲ ನಮಗೆ ತರಾಸು ಅವರ ಕಾದಂಬರಿಗಳಿಂದ, ಸಿನಿಮಾಗಳಿಂದ ಬಾಯಿಪಾಠ. ಅಷ್ಟು ದಿನ ಮುತ್ತಿಗೆ ತಾಳಿಕೊಂಡ ಕೋಟೆ ಏನು ಕುಡಿದು ಬದುಕಿತ್ತು? ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಚೆಲ್ಲಿದ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಗುಡ್ಡದ ಮೇಲೆ ಬಿದ್ದ ಹನಿ ಒಂದರಿಂದ ಒಂದಕ್ಕೆ ಇಳಿದು ಪೇಟೆಗೆ ಮುಟ್ಟುವ ಏರ್ಪಾಡು ಅದು. ಪಂಪು, ಪೈಪು ಯಾವುದೂ ಬೇಕಿಲ್ಲ, ಇಳಿಜಾರು ಗೊತ್ತಿದ್ದರೆ ಸಾಕು.

ಒನಕೆ ಓಬವ್ವನ ಕಥೆಯನ್ನು ಮತ್ತೊಮ್ಮೆ ನೆನಪು ಮಾಡಿಕೊಳ್ಳಿ. ಕಾವಲಿನ ಗಂಡ ಊಟಕ್ಕೆ ಬಂದಿದ್ದ. ಅವನಿಗೆ ಕುಡಿಯಲು ನೀರು ತರಲೆಂದು ಅವಳು ಹೊಂಡದ ಕಡೆ ಹೊರಟಳು. ಕಿಂಡಿಯ ಬಳಿ ಸದ್ದು ಕೇಳಿಸಿದ್ದು ಆಗ. ಒನಕೆ ನಮ್ಮ ಕಣ್ಣಿಗೆ ಕಟ್ಟಿದೆ, ಪ್ರತಿಮೆಗಳಲ್ಲೆಲ್ಲ ಇದೆ. ಆ ಕಥೆಯಲ್ಲಿ ಒನಕೆಗೆ ಮುಂಚೆ ಬರುವ ಬಿಂದಿಗೆಯನ್ನು ಯಾರೂ ನೋಡುವುದಿಲ್ಲ. ನೀರಿಗೆ ಹೋದ ಹೆಣ್ಣುಮಗಳು ಕೋಟೆ ಉಳಿಸಿದಳು. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ನೀರಿಗೆ ಹೋಗುವವರು ಹೆಣ್ಣುಮಕ್ಕಳೇ ಆದ್ದರಿಂದ ಇದನ್ನು ಹೇಳಬೇಕೆನಿಸಿತು.

ಇನ್ನು ಕಟ್ಟೆ. 1876ರಿಂದ 78ರವರೆಗಿನ ಬರ ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲು ಜನರನ್ನು ಬಲಿ ತೆಗೆದುಕೊಂಡಿತು. ಅದರ ಭಯ ಮುಂದಿನ ಎರಡು ತಲೆಮಾರಿನ ಆಡಳಿತವನ್ನು ಬಿಡಲಿಲ್ಲ. 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಒಣಸೀಮೆಗೆ ದೊಡ್ಡ ಜಲಾಶಯ ಬೇಕೆಂದು ಹಟ ಹಿಡಿದರು. 1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತದಲ್ಲಿ ತೀರಿಕೊಂಡಾಗ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಹತ್ತೇ ವರ್ಷ. ಅಲ್ಲಿಂದ 1902ರವರೆಗೆ ರಾಜ್ಯ ನಡೆಸಿದವರು ತಾಯಿ ಕೆಂಪನಂಜಮ್ಮಣ್ಣಿಯವರು. ಮಾರಿಕಣಿವೆಯ ಕೆಲಸ ಶುರುವಾದದ್ದು ಅವರ ಕಾಲದಲ್ಲಿ, ಮುಗಿದದ್ದು 1907ರಲ್ಲಿ. ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂದು ಹೆಸರಾದದ್ದು ಅವರ ವಾಣಿವಿಲಾಸ ಸನ್ನಿಧಾನ ಎಂಬ ಬಿರುದಿನಿಂದ. ಬರಸೀಮೆಯ ಮೊದಲ ದೊಡ್ಡ ಕಟ್ಟೆಗೆ ಗಂಡನನ್ನು ಕಳೆದುಕೊಂಡು, ಮಗನ ಪರವಾಗಿ ರಾಜ್ಯ ನಿಭಾಯಿಸಿದ ಹೆಣ್ಣುಮಗಳ ಹೆಸರಿರುವುದು ನನಗೆ ಬಹಳ ಸರಿ ಎನಿಸುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಕಟ್ಟೆಯ ಮೇಲೆ ನಿಂತು ಇದನ್ನು ವಿಶ್ವೇಶ್ವರಯ್ಯನವರು ಕಟ್ಟಿಸಿದ್ದು ಎಂದು ಮಕ್ಕಳಿಗೆ ಹೇಳುವವರನ್ನು ಬೇಕಾದಷ್ಟು ಕೇಳಿದ್ದೇನೆ. ಸರ್ ಎಂ.ವಿ. ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು 1909ರಲ್ಲಿ. ಆ ಹೊತ್ತಿಗೆ ಮಾರಿಕಣಿವೆ ಕೆಲಸ ಮುಗಿದಿತ್ತು. ಕನ್ನಂಬಾಡಿಯ ಕೆಲಸ ಶುರುವಾದದ್ದು 1911ರಲ್ಲಿ. ಆ ಮಹಾನುಭಾವರ ಕೀರ್ತಿಗೆ ಅವರು ಮಾಡಿದ ಕೆಲಸಗಳೇ ಧಾರಾಳ. ಅವರಿಗಿಂತ ಮೊದಲಿನವರ ಕೆಲಸವನ್ನು ಅವರ ಲೆಕ್ಕಕ್ಕೆ ಬರೆಯುವುದು ಬೇಡ.

ಕಟ್ಟೆಯ ಉದ್ದ ಸುಮಾರು 1,330 ಅಡಿ. ಕಲ್ಲು, ಸುಣ್ಣ, ಸುರ್ಕಿ ಗಾರೆಯ ಕೆಲಸ. ಸುರ್ಕಿ ಎಂದರೆ ಸುಟ್ಟ ಇಟ್ಟಿಗೆಯ ಪುಡಿ. ಸುಣ್ಣದೊಂದಿಗೆ ಬೆರೆತರೆ ನೀರಿನಲ್ಲೂ ಗಟ್ಟಿಯಾಗುತ್ತದೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಬಾಯಿಯನ್ನು ಇಷ್ಟು ಮಾತ್ರದ ಗೋಡೆಯಿಂದ ಮುಚ್ಚಿ ಹಿಂದೆ 30 ಟಿಎಂಸಿ ನೀರು ನಿಲ್ಲಿಸಿದ್ದು ಜಾಗ ಆರಿಸಿದವರ ಜಾಣ್ಮೆ. ಇದಕ್ಕೆ ಕ್ರೆಸ್ಟ್ ಗೇಟುಗಳಿಲ್ಲ. ನೀರು 130 ಅಡಿ ಮುಟ್ಟಿದರೆ ಪಕ್ಕದ ಕೋಡಿಯಲ್ಲಿ ತಾನಾಗಿ ಹರಿದು ಹೋಗುತ್ತದೆ. ನಮ್ಮ ಹಳ್ಳಿಯ ಯಾವುದೇ ಕೆರೆಯ ಪದ್ಧತಿ ಇದು, ಅಳತೆ ಮಾತ್ರ ದೊಡ್ಡದು. ಏರಿಯ ಮೇಲಿನ ಮಂಟಪಗಳ ಕಮಾನುಗಳನ್ನು ನೋಡಿದರೆ, ನೀರಾವರಿ ಕೆಲಸವೂ ಕಣ್ಣಿಗೆ ಚೆಂದವಿರಬೇಕು ಎಂದು ಆ ಕಾಲದವರು ನಂಬಿದ್ದರು ಎನ್ನುವುದು ತಿಳಿಯುತ್ತದೆ.

ಹಾಗಾದರೆ 89 ವರ್ಷ ಏಕೆ ತುಂಬಲಿಲ್ಲ? ಜಲಾನಯನ ಪ್ರದೇಶ 5,374 ಚದರ ಕಿಲೋಮೀಟರ್. ಲೆಕ್ಕಕ್ಕೆ ವಿಸ್ತಾರ, ಆದರೆ ಬಹುಪಾಲು ಮಳೆನೆರಳಿನ ನೆಲ. ಮೇಲ್ಭಾಗದಲ್ಲಿ ಕೆರೆಗಳ ಸರಣಿ, ಆಮೇಲೆ ಬಂದ ಚೆಕ್‌ಡ್ಯಾಂಗಳು, ಬೋರ್‌ವೆಲ್ಲುಗಳು. ಹೊಳೆಗೆ ಇಳಿಯುವ ಮೊದಲೇ ನೀರು ನಿಲ್ಲುತ್ತದೆ ಅಥವಾ ಇಂಗುತ್ತದೆ. ಅದು ತಪ್ಪು ಎಂದು ಹೇಳಲಾರೆ, ಕಡೂರಿನ ರೈತನಿಗೂ ಬಾಯಾರುತ್ತದೆ. 2019ರಿಂದ ಭದ್ರಾ ನೀರನ್ನು ಪಂಪು ಮಾಡಿ ವೇದಾವತಿಗೆ ಬಿಡಲು ಶುರುವಾಯಿತು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ವಾಣಿವಿಲಾಸ ಸಾಗರದ ಪಾಲು 2 ಟಿಎಂಸಿ. ಒಳ್ಳೆಯ ಮಳೆಯ ಜೊತೆಗೆ ಈ ನೀರೂ ಸೇರಿದ್ದರಿಂದ ಕೋಡಿ ಹತ್ತಿರವಾಯಿತು. ಸುಮಾರು 12 ಸಾವಿರ ಹೆಕ್ಟೇರ್ ಅಚ್ಚುಕಟ್ಟು, ಹಿರಿಯೂರು, ಚಿತ್ರದುರ್ಗ ಪಟ್ಟಣಗಳ ಕುಡಿಯುವ ನೀರು ಎಲ್ಲವೂ ಇದರ ಮೇಲೆ ನಿಂತಿದೆ.

ನೀರು ನಿಂತ ಕಡೆಯ ಮಾತು ಇಷ್ಟಾಯಿತು. ನೀರು ಮುಚ್ಚಿದ ಕಡೆಯ ಮಾತನ್ನು ನಾವು ಆಡುವುದೇ ಇಲ್ಲ. ಹಿನ್ನೀರು ಇರುವುದು ಹೊಸದುರ್ಗ ತಾಲೂಕಿನ ಕಡೆ. ಕಟ್ಟೆಯ ಈಚೆ ನಿಂತ ಹಿರಿಯೂರಿನವರಿಗೆ ಸಾಗರ, ಆಚೆಯವರಿಗೆ ಹೋದ ಹೊಲ.

ಆ ಕಡೆಯ ಮತ್ತೋಡನ್ನೇ ತೆಗೆದುಕೊಳ್ಳಿ. ಒಂದು ಕಾಲಕ್ಕೆ ಪಾಳೆಯಗಾರರ ಊರು. ಟಿಪ್ಪು ಸತ್ತ ಮೇಲೆ 1800-01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಗಾಜಿನ ಕೆಲಸವನ್ನು ನೋಡಿ ಬರೆದಿಟ್ಟಿದ್ದಾನೆ. ಬೇಕಾದ ಸಾಮಾನೆಲ್ಲ ಸುತ್ತಮುತ್ತಲ ನೆಲದ್ದೇ. ಬೇಸಿಗೆಯಲ್ಲಿ ಮೇಲೆದ್ದು ಬರುವ ಸೌಳು ಮಣ್ಣಿನ ಕ್ಷಾರ, ಬಿಳಿ ಬೆಣಚುಕಲ್ಲಿನ ಪುಡಿ. ಇವನ್ನು ಕುಲುಮೆಯಲ್ಲಿ ಕರಗಿಸಿದರೆ ಗಾಜು, ಗಾಜಿನಿಂದ ಬಳೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಣ್ಣಗಳು ಆಗುತ್ತಿದ್ದವು. ಬೆಣಚು ಬಂದದ್ದು ಆ ಹಳೆಯ ಗುಡ್ಡಸಾಲಿನ ಕಲ್ಲಿನಿಂದ. ಸೌಳು ಮೇಲೆದ್ದದ್ದು ಮಳೆ ಕಡಿಮೆಯಾಗಿ, ನೆಲದ ಉಪ್ಪು ತೊಳೆದು ಹೋಗದೆ ಉಳಿದದ್ದರಿಂದ. ಬೆಳೆಗೆ ಶತ್ರುವಾದ ಮಣ್ಣಿನಿಂದ ಈ ಜನ ಮುತ್ತೈದೆಯರ ಕೈಗೆ ಬಳೆ ಮಾಡಿದರು. ಬರವನ್ನೇ ಕಚ್ಚಾಮಾಲು ಮಾಡಿಕೊಂಡ ಇಂಥ ಕಸುಬು ನಮ್ಮ ಪಠ್ಯಪುಸ್ತಕದ ಒಂದು ಪುಟಕ್ಕಾದರೂ ಬರಬೇಡವೇ? ಹೊಸದುರ್ಗದ ಬಗ್ಗೆ ಬರೆಯುವವರು ಹೆಗ್ಗೆರೆಯ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯನ್ನು, ಸಾಣೇಹಳ್ಳಿಯ ಶಿವಸಂಚಾರದ ನಾಟಕಗಳನ್ನು ಹೇಳುತ್ತಾರೆ, ಹೇಳಬೇಕಾದ್ದೇ. ಮತ್ತೋಡಿನ ಕುಲುಮೆ ಮಾತ್ರ ಯಾರ ಬಾಯಲ್ಲೂ ಇಲ್ಲ.

ಅದೇ ತಾಲೂಕಿನ ಹಾಲುರಾಮೇಶ್ವರದಲ್ಲಿ ಗಂಗೆಯ ಕೊಳದ ಮುಂದೆ ಕೂತು ಜನ ಬೇಡಿಕೊಳ್ಳುತ್ತಾರೆ, ನೀರು ಕೊಟ್ಟ ಪ್ರಸಾದವನ್ನು ಉತ್ತರವೆಂದು ತೆಗೆದುಕೊಳ್ಳುತ್ತಾರೆ. ನಂಬುವವರು ನಂಬಲಿ, ಬಿಡುವವರು ಬಿಡಲಿ. ನನಗೆ ಮುಖ್ಯ ಎನಿಸುವುದು, ಈ ಸೀಮೆಯವರು ದೇವರೊಂದಿಗೆ ಮಾತಾಡಲು ಆರಿಸಿಕೊಂಡ ಜಾಗವೂ ಒಂದು ಒರತೆ ಎನ್ನುವುದು. ಕಣಿವೆ ಮಾರಮ್ಮನೂ ಹಾಗೆಯೇ. ಕಟ್ಟೆ ಬರುವ ಮೊದಲೇ ಆ ಇಕ್ಕಟ್ಟಿನ ದಾರಿಯನ್ನು ಕಾಯುತ್ತಿದ್ದವಳು ಅವಳು. ಸರ್ಕಾರಿ ಕಾಗದದಲ್ಲಿ ವಾಣಿವಿಲಾಸ ಸಾಗರ ಎಂದಾಗಿ ನೂರು ವರ್ಷ ದಾಟಿದರೂ ಜನ ಅವಳ ಹೆಸರನ್ನು ಬಿಟ್ಟಿಲ್ಲ.

ಹೊಳಲ್ಕೆರೆ ತಾಲೂಕಿನ ಬಗ್ಗೆ ಇಲ್ಲಿ ಒಂದೇ ಮಾತು ಹೇಳುತ್ತೇನೆ, ಅದಕ್ಕೆ ಬೇರೆಯೇ ಅಂಕಣ ಬೇಕು. ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ಯೋಗವನ್ನೂ ಆಯುರ್ವೇದವನ್ನೂ ಹಳ್ಳಿಯವರ ಕೈಗೆ ಕೊಟ್ಟರು. ತಿರುಕ ಎಂಬ ಹೆಸರಲ್ಲಿ ಬರೆದರು, ಜೋಳಿಗೆ ಹಿಡಿದು ಸಂಸ್ಥೆ ಬೆಳೆಸಿದರು. ಆ ಔಷಧಗಳ ಬೇರು, ತೊಗಟೆ, ಎಲೆಗಳ ಹಿಂದೆ ನಮ್ಮ ಗುಡ್ಡಗಳ ಕುರುಚಲು ಕಾಡಿದೆ ಎನ್ನುವುದನ್ನು ಮಾತ್ರ ನೆನಪಿಸುತ್ತೇನೆ.

ಆ ಕುರುಚಲು ಕಾಡನ್ನು ಬಂಜರು ಎಂದು ಕರೆಯುವುದು ನಮ್ಮ ಕೆಟ್ಟ ಅಭ್ಯಾಸ. ದಿಂಡಿಗ, ಕಗ್ಗಲಿ, ಕಮರ, ಜಾಲಿ ಬೆಳೆದ ಮಾರಿಕಣಿವೆ ಕಾಡು, ಚಿತ್ರದುರ್ಗದ ಜೋಗಿಮಟ್ಟಿ ಎರಡೂ ಬೇಸಿಗೆಯಲ್ಲಿ ಸುಟ್ಟಂತೆ ಕಾಣುತ್ತವೆ. ಮೊದಲ ಮಳೆ ಬಿದ್ದ ವಾರಕ್ಕೆ ಹೋಗಿ ನೋಡಿ, ಅದೇ ಗುಡ್ಡವೇ ಎಂದು ಅನುಮಾನ ಬರುತ್ತದೆ. 2015ರಲ್ಲಿ ಜೋಗಿಮಟ್ಟಿ ವನ್ಯಧಾಮವಾಯಿತು. ಅಲ್ಲಿ ಕೊಂಡುಕುರಿ ಇದೆ. ಲೋಕದಲ್ಲಿ ನಾಲ್ಕು ಕೊಂಬಿನ ಕಾಡುಪ್ರಾಣಿ ಇದೊಂದೇ. ಇರುವುದು ಭಾರತ ಮತ್ತು ನೇಪಾಳದಲ್ಲಿ ಮಾತ್ರ. ಕೊಂಬು ಗಂಡಿಗಷ್ಟೇ: ಕಿವಿಗಳ ನಡುವೆ ಒಂದು ಜೊತೆ, ಹಣೆಯ ಮುಂದೆ ಗಿಡ್ಡದೊಂದು ಜೊತೆ. ನಾಚಿಕೆಯ ಪ್ರಾಣಿ. ಹಿಂಡು ಕಟ್ಟುವುದಿಲ್ಲ, ಒಂಟಿಯಾಗಿಯೋ ಜೋಡಿಯಾಗಿಯೋ ಇರುತ್ತದೆ, ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಕಾಡಿನಲ್ಲಿ ಅದನ್ನು ಕಾಣುವುದಕ್ಕಿಂತ ಅದರ ಹಿಕ್ಕೆಯ ಗುಡ್ಡೆ ಕಾಣುವುದೇ ಹೆಚ್ಚು. ನೀರಿನಿಂದ ದೂರ ಹೋಗದಿರುವುದು ಅದರ ಸ್ವಭಾವ. ಗುಡ್ಡದ ನಡುವಿನ ಒಂದು ಸಣ್ಣ ಕಟ್ಟೆ ಒಡೆದು ಹೋದರೆ, ಒಂದು ದೊಣೆಗೆ ಹೂಳು ತುಂಬಿದರೆ ನಮಗೆ ಗೊತ್ತಾಗುವುದಿಲ್ಲ, ಕೊಂಡುಕುರಿಗೆ ಗೊತ್ತಾಗುತ್ತದೆ. ಪಕ್ಕದ ಜಗಳೂರಿನ ರಂಗಯ್ಯನದುರ್ಗದಲ್ಲಿ ಅದಕ್ಕೆಂದೇ ವನ್ಯಧಾಮವಿದೆ, ಹಿರಿಯೂರಿಗೆ ತಾಗಿದ ಶಿರಾ ತಾಲೂಕಿನ ಬುಕ್ಕಾಪಟ್ಟಣದಲ್ಲಿ ಚಿಂಕಾರಕ್ಕೆಂದು 2019ರಲ್ಲಿ ಇನ್ನೊಂದಾಯಿತು. ನಮ್ಮ ಬೋಳುಗುಡ್ಡಗಳಿಗೆ ಬೆಲೆ ಬರಲು ಇಷ್ಟು ಕಾಲ ಬೇಕಾಯಿತು. ಅಷ್ಟರಲ್ಲಿ ಗಾಳಿಯಂತ್ರಗಳ ದಾರಿಗೆಂದು ಎಷ್ಟೋ ಗುಡ್ಡಗಳ ನೆತ್ತಿ ಸೀಳಿ ಆಗಿದೆ. ಗಾಳಿಯಿಂದ ಕರೆಂಟು ಬರಲಿ, ಅದು ಬೇಕು. ಮಳೆ ನೀರು ಇಳಿಯುವ ನೆತ್ತಿಯನ್ನು ಕೆರೆದು ಕೆಳಗೆ ಕೆರೆಗೆ ಹೂಳು ಕಳಿಸುವುದು ಬೇಡ.

ಈ ಗುಡ್ಡ ಬಯಲುಗಳನ್ನು ಹತ್ತಿರದಿಂದ ಬಲ್ಲವರು ದನ, ಕುರಿ ಕಟ್ಟಿಕೊಂಡು ಅಲೆದ ಮ್ಯಾಸಬೇಡರು, ಕಾಡುಗೊಲ್ಲರು. ಕಾಡುಗೊಲ್ಲರ ಜುಂಜಪ್ಪನ ಕಾವ್ಯ ರಾತ್ರಿಗಟ್ಟಲೆ ಹಾಡುವಂಥದು. ಆಳೆತ್ತರದ ಬಿದಿರಿನ ಗಣೆ ಊದಿ ಹಾಡುತ್ತಾರೆ. ಯಾವ ಹಳ್ಳದಲ್ಲಿ ದನಕ್ಕೆ ನೀರು ಸಿಕ್ಕಿತು, ಯಾವ ಕಾವಲಿನಲ್ಲಿ ಹುಲ್ಲಿತ್ತು ಎಂಬುದು ಇಂಥ ಹಾಡುಗಳ ಮೈಯೊಳಗೇ ಸೇರಿರುತ್ತದೆ. ಇದೇ ಹೊಳೆ ಮುಂದೆ ಹರಿಯುವ ಚಳ್ಳಕೆರೆ ತಾಲೂಕಿನ ಯಲಗಟ್ಟದ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಸಾವಿರಾರು ಪದ ಬಲ್ಲವರಾಗಿದ್ದರು. ಕೃಷ್ಣಮೂರ್ತಿ ಹನೂರು ಅವರು ಕೂತು ಬರೆದುಕೊಂಡು 'ಸಾವಿರದ ಸಿರಿಬೆಳಗು' ಎಂದು ಪುಸ್ತಕ ಮಾಡದಿದ್ದರೆ ಅವು ಅಜ್ಜಿಯ ಜೊತೆಗೇ ಹೋಗುತ್ತಿದ್ದವು. ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಉಳಿಸಿಕೊಳ್ಳಬೇಕಾದದ್ದು ಈ ಪದಗಳನ್ನು, ಗಣೆಯನ್ನು. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹಟ್ಟಿಯಿಂದಾಚೆ ಇರಿಸುವ ರೂಢಿಯನ್ನಲ್ಲ.

ಹಾಡನ್ನೂ ನೆಲವನ್ನೂ ನೀರನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಹೇಗೆ ಎನ್ನುವುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಫಿಲಿಪ್ಪೀನ್ಸಿನ ಲುಜೋನ್ ದ್ವೀಪದ ಬೆಟ್ಟಗಳಲ್ಲಿ ಇಫುಗಾವೋ ಎಂಬ ಜನರಿದ್ದಾರೆ. ಬೆಟ್ಟದ ಇಳಿಜಾರನ್ನೆಲ್ಲ ಮೆಟ್ಟಿಲುಗದ್ದೆ ಮಾಡಿ ಭತ್ತ ಬೆಳೆದವರು. ಗದ್ದೆಗಳ ನೆತ್ತಿಯಲ್ಲಿ ಪ್ರತಿ ಕುಟುಂಬ ಕಾಪಾಡಿಕೊಂಡು ಬಂದ ಕಾಡಿನ ತುಂಡಿಗೆ ಮುಯೋಂಗ್ ಎನ್ನುತ್ತಾರೆ. ಆ ಕಾಡು ಹಿಡಿದಿಟ್ಟ ನೀರೇ ಕೆಳಗಿನ ಗದ್ದೆಗಳಿಗೆ ಇಳಿಯುವುದು. ಕೊಯ್ಲಿನಲ್ಲಿ ಹೆಂಗಸರು ಹಾಡುವ ಕಥನಗೀತೆಗಳು ಹುದ್‌ಹುದ್. 1995ರಲ್ಲಿ ಯುನೆಸ್ಕೊ ಆ ಗದ್ದೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದರೆ ಸಾಲಲಿಲ್ಲ. ಯುವಕರು ಪಟ್ಟಣ ಸೇರಿದರು, ಕಾಲುವೆಗಳು ಕುಸಿದವು, 2001ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಬೇಕಾಯಿತು. ಆಮೇಲೆ ಊರಿನವರೂ ಸರ್ಕಾರವೂ ಸೇರಿ ಕಾಲುವೆ, ಗದ್ದೆಯ ಗೋಡೆಗಳನ್ನು ರಿಪೇರಿ ಮಾಡಿ 2012ರಲ್ಲಿ ಆ ಪಟ್ಟಿಯಿಂದ ಹೊರಬಂದರು. ಕಾಡು, ಕಾಲುವೆ, ಗದ್ದೆ, ಹಾಡು ಒಂದರ ಕೈ ಒಂದು ಹಿಡಿದಿವೆ ಎಂದು ಅವರಿಗೆ ಗೊತ್ತಿತ್ತು. ಹಾಡು ಉಳಿಸಿ ಕಾಡು ಬಿಟ್ಟರೆ ಹಾಡಿನಲ್ಲಿ ಬರುವ ಗದ್ದೆಯೇ ಇರುವುದಿಲ್ಲ.

ನಮ್ಮಲ್ಲಿ ಹಿನ್ನೀರಿನ ಜಗಳ ಬಂದಾಗ ಈ ಒಟ್ಟು ನೋಟ ಇಲ್ಲದ್ದರ ನಷ್ಟ ಕಾಣಿಸಿತು. ನೀರು 130 ಅಡಿ ಮುಟ್ಟಿದಾಗ ಹೊಸದುರ್ಗದ ಕಡೆಯ ಹಳ್ಳಿಗಳಿಗೆ, ತೋಟಗಳಿಗೆ ನೀರು ನುಗ್ಗಿತು. ಕೋಡಿ ತಗ್ಗಿಸಿ ಎಂದು ಅವರು ಕೇಳಿದರು. ಒಂದಡಿ ತಗ್ಗಿಸಲೂ ಬಿಡುವುದಿಲ್ಲ ಎಂದು ಹಿರಿಯೂರಿನ ರೈತರು ನಿಂತರು. ಎರಡೂ ಕಡೆಯವರು ಸುಳ್ಳು ಹೇಳುತ್ತಿಲ್ಲ. 89 ವರ್ಷ ನೀರು ಬಾರದ ಜಾಗದಲ್ಲಿ ಮೂರು ತಲೆಮಾರು ಉತ್ತು ಬಿತ್ತಿ ತೆಂಗು ಅಡಿಕೆ ಹಾಕಿದವರಿಗೆ ಅದು ಮುಳುಗಡೆ ನೆಲ ಎನ್ನುವ ನೆನಪೇ ಅಳಿಸಿತ್ತು. ಬರದಲ್ಲಿ ತೋಟ ಕಳೆದುಕೊಂಡವರಿಗೆ ಒಂದಡಿ ನೀರು ಎಂದರೆ ಒಂದು ಬೇಸಿಗೆಯ ಬದುಕು. 1907ರಲ್ಲಿ ಎಲ್ಲಿಯವರೆಗೆ ನೆಲ ಬಿಡಿಸಿಕೊಂಡರು, ಯಾವ ಊರುಗಳವರು ಎಲ್ಲಿಗೆ ಎದ್ದು ಹೋದರು, 1933ರಲ್ಲಿ ನೀರು ಯಾವ ಗುಡಿಯ ಮೆಟ್ಟಿಲಿಗೆ ಬಂದಿತ್ತು ಎಂಬ ಊರ ಚರಿತ್ರೆ ಎರಡೂ ಕಡೆಯವರ ಕೈಯಲ್ಲಿದ್ದಿದ್ದರೆ ಮಾತುಕತೆಗೆ ಕೂರಲು ಒಂದು ಚಾಪೆಯಾದರೂ ಇರುತ್ತಿತ್ತು.

ಆ ಚರಿತ್ರೆಯನ್ನು ಬರೆಯಲು ಬೆಂಗಳೂರಿನಿಂದ ಯಾರೂ ಬರಬೇಕಾಗಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಹೈಸ್ಕೂಲು, ಕಾಲೇಜುಗಳ ಮೇಷ್ಟರುಗಳು ಮನಸ್ಸು ಮಾಡಿದರೆ ಒಂದು ವರ್ಷದ ಕೆಲಸ. ಹಿನ್ನೀರಿನ ಅಂಚಿನ ಹಳ್ಳಿಗಳ ಹಿರಿಯರ ಮುಂದೆ ಕೂತು ಮುಳುಗಿದ ಊರು, ಕೆರೆ, ಬಾವಿ, ತೋಪುಗಳ ಹೆಸರುಗಳನ್ನು ಬರೆದುಕೊಳ್ಳಬೇಕು. ಮತ್ತೋಡಿನಲ್ಲಿ ಬಳೆಯ ಕುಲುಮೆ ಯಾವ ಬೀದಿಯಲ್ಲಿತ್ತು, ಸೌಳು ಎಲ್ಲಿಂದ ತರುತ್ತಿದ್ದರು ಎಂದು ವಿಚಾರಿಸಬೇಕು. ಮರಡಿಹಳ್ಳಿಯ ಕಲ್ಲಿನ ಕಥೆಯನ್ನು, ಚಂದ್ರವಳ್ಳಿಯ ಮೂರು ಸಾಲುಗಳ ಅರ್ಥವನ್ನು ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಬರೆದು ಅಲ್ಲಲ್ಲೇ ಬೋರ್ಡು ನಿಲ್ಲಿಸಬೇಕು. ಎಲ್ಲವನ್ನೂ ಒಂದೇ ನಕಾಶೆಯಲ್ಲಿ, ವೇದಾವತಿಯ ಎರಡೂ ದಡಕ್ಕೆ ಗುರುತು ಹಾಕಿ, ಕಟ್ಟೆಯ ಪಕ್ಕದ ಉದ್ಯಾನದಲ್ಲಿ ತೂಗುಹಾಕಬೇಕು. ಇದರಲ್ಲಿ ಅವಸರದ ಕೆಲಸ ಮೊದಲನೆಯದು. ಮುಳುಗಿದ ಊರಿನ ಹೆಸರನ್ನು ತಮ್ಮ ಅಪ್ಪ ಅಮ್ಮಂದಿರ ಬಾಯಲ್ಲಿ ಕೇಳಿದವರಿಗೆ ಈಗ ಎಂಬತ್ತು ದಾಟಿದೆ.